ಪಿಜಿಸಿಇಟಿ ಅಂಕ ಏರುತ್ತಿಲ್ಲ

ಚಿಗಟೇರಿಯ ಬಿ.ಕಾಂ. ಪದವೀಧರೆ: ಎಂಬಿಎಗಾಗಿ ಪಿಜಿಸಿಇಟಿ ಬರೆಯುತ್ತಿದ್ದೇನೆ. ದಿನವಿಡೀ ಓದಿದರೂ ಅಣಕು ಪರೀಕ್ಷೆಯಲ್ಲಿ 40 ದಾಟುತ್ತಿಲ್ಲ.

ಓದುವ ಗಂಟೆ ಹೆಚ್ಚಿಸಬೇಡಿ, ವಿಧಾನ ಬದಲಿಸಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಿಂದ ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಂಡು ಗಡಿಯಾರ ಇಟ್ಟು ಬಿಡಿಸಿ: 100 ಪ್ರಶ್ನೆ, ಎರಡು ಗಂಟೆ. ಆಮೇಲೆ ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲವೇ, ಅವಸರವಾಯಿತೇ, ಪ್ರಶ್ನೆಯ ಇಂಗ್ಲಿಷೇ ಅರ್ಥವಾಗಲಿಲ್ಲವೇ? ಮೂರನೆಯದಾದರೆ ದಿನಕ್ಕೊಂದು ಇಂಗ್ಲಿಷ್ ಸಂಪಾದಕೀಯ ಓದಿ. ಕನ್ನಡ ಮಾಧ್ಯಮದವರಿಗೆ ಅಂಕ ಬೇಗ ಏರುವುದು ಇಲ್ಲೇ ಎಂಬುದು ನನ್ನ ನಂಬಿಕೆ. ತಪ್ಪಿದ ಲೆಕ್ಕಗಳನ್ನು ಮೂರು ದಿನ ಬಿಟ್ಟು, ಉತ್ತರ ನೋಡದೆ ಮತ್ತೆ ಮಾಡಿ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಒಂದನ್ನೂ ಖಾಲಿ ಬಿಡಬೇಡಿ. ತಿಂಗಳಾದರೂ ಲೆಕ್ಕದ ಅಂಕ ಕದಲದಿದ್ದರೆ ಹರಪನಹಳ್ಳಿಯಲ್ಲೋ ದಾವಣಗೆರೆಯಲ್ಲೋ ಅದಕ್ಕಷ್ಟೇ ಪಾಠ ಹೇಳಿಸಿಕೊಳ್ಳಿ. ಆತಂಕದಿಂದ ನಿದ್ದೆ ಕೆಟ್ಟಿದ್ದರೆ ಕಾಯಬೇಡಿ, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.