ಕಾರಿನ ಆಯಿಲ್ ಫಿಲ್ಟರ್: ಒಳ್ಳೆಯದನ್ನು ಆರಿಸುವುದು ಹೇಗೆ?

ಮಕ್ಕಳೇ, ನಮ್ಮ ಮನೆಗಳಲ್ಲಿ ಸೋಸುವ ಕೆಲಸ ದಿನವೂ ನಡೆಯುತ್ತದೆ. ಕಾಫಿ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುತ್ತೇವೆ, ಚಹಾ ಸೋಸುತ್ತೇವೆ, ಹಿಟ್ಟನ್ನು ಜರಡಿ ಹಿಡಿಯುತ್ತೇವೆ. ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಎಂಜಿನ್ನಿನಲ್ಲೂ ಇಂಥದೇ ಒಂದು ಸಾಧನವಿದೆ. ಅದೇ ಆಯಿಲ್ ಫಿಲ್ಟರ್. ಬರೀ ಬ್ಯಾಟರಿಯಿಂದ ಓಡುವ ಕಾರಿನಲ್ಲಿ ಇಂಥ ಎಂಜಿನ್ ಇಲ್ಲದ ಕಾರಣ ಅದಕ್ಕೆ ಇದರ ಅಗತ್ಯವಿಲ್ಲ.

ಎಂಜಿನ್ನಿನ ಲೋಹದ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯದಂತೆ ಆಯಿಲ್ ಕಾಪಾಡುತ್ತದೆ. ಹೀಗೆ ಸುತ್ತುವಾಗ ಅದು ಮಸಿ, ಧೂಳು, ಲೋಹದ ಪುಡಿ ಎಲ್ಲವನ್ನೂ ಹೊತ್ತು ತರುತ್ತದೆ. ಫಿಲ್ಟರ್ ಅವುಗಳನ್ನು ಹಿಡಿದುಕೊಂಡು ಶುದ್ಧವಾದ ಆಯಿಲನ್ನು ಮುಂದಕ್ಕೆ ಬಿಡುತ್ತದೆ. 1923ರಲ್ಲಿ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ 'ಪ್ಯೂರೋಲೇಟರ್' ಎಂಬ ಆಯಿಲ್ ಫಿಲ್ಟರನ್ನು ರೂಪಿಸಿದರು. ಅದಕ್ಕೂ ಮೊದಲಿನ ಕಾರುಗಳಲ್ಲಿ ಆಯಿಲನ್ನು ಪದೇ ಪದೇ ಬದಲಿಸಬೇಕಾಗುತ್ತಿತ್ತು.

ಡಬ್ಬಿಯ ಒಳಗೆ ಏನಿದೆ?

ಹೊರಗಿನಿಂದ ನೋಡಿದರೆ ಎಲ್ಲ ಫಿಲ್ಟರುಗಳೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸವಿರುವುದು ಒಳಗೆ.

1. ಸೋಸುವ ಕಾಗದ. ಇದನ್ನು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಮಡಚಿರುತ್ತಾರೆ. ಮಡಿಕೆ ಹೆಚ್ಚಿದಷ್ಟೂ ಕೊಳೆ ಹಿಡಿಯುವ ಜಾಗ ಹೆಚ್ಚು. ಅಗ್ಗದ ಫಿಲ್ಟರುಗಳಲ್ಲಿ ಮಡಿಕೆಗಳು ಕಡಿಮೆ ಇರಬಹುದು, ಅಂಟು ಸಡಿಲವಾಗಿರಬಹುದು. ಅಂಟು ಬಿಟ್ಟರೆ ಆಯಿಲ್ ಸೋಸಿಕೊಳ್ಳದೆಯೇ ಪಕ್ಕದಿಂದ ನುಸುಳುತ್ತದೆ.

2. ಬೈಪಾಸ್ ಕವಾಟ. ಕಾಗದ ಕಟ್ಟಿಕೊಂಡರೆ ಅಥವಾ ಆಯಿಲ್ ತೀರಾ ಗಟ್ಟಿಯಾಗಿದ್ದರೆ ಇದು ತೆರೆದುಕೊಂಡು ಆಯಿಲನ್ನು ಸೋಸದೆಯೇ ಎಂಜಿನ್ನಿಗೆ ಕಳುಹಿಸುತ್ತದೆ. ಆಯಿಲೇ ಸಿಗದಿರುವುದಕ್ಕಿಂತ ಕೊಳೆ ಆಯಿಲ್ ಮೇಲು ಎಂಬ ಲೆಕ್ಕಾಚಾರ ಇದು.

3. ಹಿಂಹರಿವು ತಡೆಯುವ ಕವಾಟ. ಎಂಜಿನ್ ನಿಂತಾಗ ಫಿಲ್ಟರಿನೊಳಗಿನ ಆಯಿಲ್ ಕೆಳಗೆ ಇಳಿದುಹೋಗದಂತೆ ಹಿಡಿದಿಡುವ ರಬ್ಬರಿನ ಬಿಲ್ಲೆ ಇದು. ಇದು ಗಡಸಾದರೆ ಬೆಳಿಗ್ಗೆ ಕಾರು ಚಾಲೂ ಮಾಡಿದಾಗ ಕೆಲವು ಕ್ಷಣ ಎಂಜಿನ್ನಿನ ಭಾಗಗಳಿಗೆ ಆಯಿಲ್ ತಲುಪುವುದಿಲ್ಲ.

ಇತ್ತೀಚಿನ ಹಲವು ಕಾರುಗಳಲ್ಲಿ ಡಬ್ಬಿಯ ಬದಲು ಕಾಗದದ ಸುರುಳಿಯನ್ನು ಮಾತ್ರ ಬದಲಿಸುತ್ತಾರೆ. ಅಂಥವುಗಳಲ್ಲಿ ಕವಾಟಗಳು ಸಾಮಾನ್ಯವಾಗಿ ಎಂಜಿನ್ನಿನ ಕಡೆಯ ಗೂಡಿನಲ್ಲೇ ಇರುತ್ತವೆ.

ಸೊಲ್ಲೆಂಟುನಾದ ಚಳಿ

ಬಳ್ಳಾರಿಯಲ್ಲಿ ಓಡುವ ಕಾರಿಗೆ ಕೆಂಧೂಳಿನ ಕಾಟ. ನಮ್ಮ ಊರಿನ ಕಾರಿಗೆ ಚಳಿಯ ಕಾಟ. ಇಲ್ಲಿ ಜನವರಿಯ ಕೆಲವು ಬೆಳಗುಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ 15 ಡಿಗ್ರಿ ಕೆಳಗೆ ಇಳಿಯುತ್ತದೆ. ಆಗ ಆಯಿಲ್ ಹೆಪ್ಪುಗಟ್ಟುತ್ತಿರುವ ತುಪ್ಪದಂತೆ ನಿಧಾನವಾಗಿ ಹರಿಯುತ್ತದೆ. ಬೈಪಾಸ್ ಕವಾಟಕ್ಕೆ ನಿಜವಾದ ಪರೀಕ್ಷೆ ಆಗಲೇ. ಅದು ಬೇಗನೆ ತೆರೆದರೆ ಕೊಳೆ ಒಳಹೋಗುತ್ತದೆ, ತಡವಾಗಿ ತೆರೆದರೆ ಎಂಜಿನ್ನಿಗೆ ಆಯಿಲ್ ಸಾಲದು. ಕವಾಟ ಎಷ್ಟು ಒತ್ತಡಕ್ಕೆ ತೆರೆಯಬೇಕು ಎಂಬುದು ಒಂದೊಂದು ಎಂಜಿನ್ನಿಗೆ ಒಂದೊಂದು ರೀತಿ. ಆದ್ದರಿಂದ 'ತಿರುಪು ಕೂರುತ್ತದೆ' ಎಂಬ ಒಂದೇ ಕಾರಣಕ್ಕೆ ಯಾವುದೋ ಫಿಲ್ಟರ್ ಹಾಕಬಾರದು.

ಶಾಲೆಗೆ, ಅಂಗಡಿಗೆ ಎಂದು ಬರೀ ಎರಡು ಮೂರು ಕಿಲೋಮೀಟರ್ ಓಡಿಸುವ ಕಾರಿನಲ್ಲಿ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಆಯಿಲಿನಲ್ಲಿ ನೀರು ಮತ್ತು ಇಂಧನ ಸೇರಿಕೊಂಡು ಅದು ಬೇಗ ಕೆಡುತ್ತದೆ. ಅಂಥ ಕಾರಿಗೆ ಕಿಲೋಮೀಟರ್ ಲೆಕ್ಕ ತುಂಬದಿದ್ದರೂ ಕಾಲದ ಲೆಕ್ಕದಲ್ಲಿ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಬೇಕು. ಕಾಲಕಾಲಕ್ಕೆ ನಡೆಯುವ ಕಡ್ಡಾಯ ತಪಾಸಣೆಯಲ್ಲಿ, ಅಂದರೆ ಬೆಸಿಕ್ತ್‌ನಿಂಗ್‌ನಲ್ಲಿ, ಫಿಲ್ಟರ್ ಹಳೆಯದೋ ಹೊಸದೋ ಎಂದು ಯಾರೂ ನೋಡುವುದಿಲ್ಲ. ಆ ಜವಾಬ್ದಾರಿ ನಮ್ಮದೇ.

ಪೋಷಕರಿಗೆ ಕೊಳ್ಳುವಾಗಿನ ಸೂಚನೆಗಳು

- ಕಾರಿನ ನೋಂದಣಿ ಸಂಖ್ಯೆ ಹೇಳಿದರೆ ಬಿಡಿಭಾಗದ ಅಂಗಡಿಯವರು ಸರಿಯಾದ ಫಿಲ್ಟರಿನ ಸಂಖ್ಯೆ ತಿಳಿಸುತ್ತಾರೆ. ಕಾರಿನ ಕೈಪಿಡಿಯೊಂದಿಗೂ ಒಮ್ಮೆ ಹೋಲಿಸಿ ನೋಡಿ.
- ಕಾರು ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ತಾವೇ ತಯಾರಿಸುವುದಿಲ್ಲ. ಮಾನ್, ಮಾಲೆ, ಹೆಂಗ್ಸ್ಟ್, ಬಾಷ್ ಮುಂತಾದ ತಯಾರಕರು ಕಾರು ಕಂಪನಿಗಳಿಗೂ ಅಂಗಡಿಗಳಿಗೂ ಬಿಡಿಭಾಗ ಒದಗಿಸುತ್ತಾರೆ.
- ಬೇರೆ ತಯಾರಕರ ಫಿಲ್ಟರ್ ಹಾಕಿದರೆ ವಾರಂಟಿ ಹೋಗುತ್ತದೆಂಬ ಭಯ ಅನೇಕರಿಗಿದೆ. ಐರೋಪ್ಯ ಒಕ್ಕೂಟದ 461/2010 ನಿಯಮದಡಿ ಸಮಾನ ಗುಣಮಟ್ಟದ ಭಾಗ ಬಳಸಿದ ಮಾತ್ರಕ್ಕೆ ವಾರಂಟಿ ನಿರಾಕರಿಸುವಂತಿಲ್ಲ. ರಸೀದಿ ಜೋಪಾನವಾಗಿರಲಿ, ಸರ್ವಿಸ್ ಪುಸ್ತಕದಲ್ಲಿ ದಾಖಲೆಯಿರಲಿ.
- ಸೋಸುವ ಶಕ್ತಿಯನ್ನು ಐಎಸ್ಒ 4548-12 ಎಂಬ ಪರೀಕ್ಷೆಯಿಂದ ಅಳೆಯುತ್ತಾರೆ. ಬರೀ '99 ಪ್ರತಿಶತ' ಎಂದರೆ ಅರ್ಥವಿಲ್ಲ. ಎಷ್ಟು ಮೈಕ್ರಾನ್ ಗಾತ್ರದ ಕಣಗಳಿಗೆ ಎಂದೂ ಹೇಳಿರಬೇಕು. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನನ್ನು ಸವೆಸುವ ಕಣಗಳು ಅದಕ್ಕಿಂತ ಬಹಳ ಚಿಕ್ಕವು.
- ರಬ್ಬರಿನ ಉಂಗುರ ಮೃದುವಾಗಿರಲಿ, ಡಬ್ಬಿ ನಜ್ಜಾಗಿರಬಾರದು. ಬೆಲೆ ನಂಬಲಾಗದಷ್ಟು ಕಡಿಮೆಯಿದ್ದು ಮುದ್ರಣ ಮಸುಕಾಗಿದ್ದರೆ ಅದು ನಕಲಿ ಇರಬಹುದು.

ಮನೆಯಲ್ಲೇ ಬದಲಿಸುವವರು ಹಳೆಯ ರಬ್ಬರ್ ಉಂಗುರ ಎಂಜಿನ್ನಿಗೆ ಅಂಟಿಕೊಂಡಿಲ್ಲವೆಂದು ನೋಡಿಕೊಳ್ಳಿ. ಎರಡು ಉಂಗುರ ಒಂದರ ಮೇಲೊಂದು ಕೂತರೆ ಆಯಿಲ್ ಸೋರುತ್ತದೆ. ಹೊಸ ಉಂಗುರಕ್ಕೆ ಬೆರಳಿನಿಂದ ಆಯಿಲ್ ಸವರಿ, ಡಬ್ಬಿಯ ಮೇಲೆ ಬರೆದಷ್ಟೇ ಬಿಗಿಮಾಡಿ.

ಹಳೆಯ ಫಿಲ್ಟರ್ ಕಸದ ಬುಟ್ಟಿಗಲ್ಲ

ಬಿಚ್ಚಿದ ಫಿಲ್ಟರಿನಲ್ಲಿ ಸಾಕಷ್ಟು ಆಯಿಲ್ ಉಳಿದಿರುತ್ತದೆ. ಸ್ವೀಡನ್ನಿನಲ್ಲಿ ಇದು ಅಪಾಯಕಾರಿ ತ್ಯಾಜ್ಯ. ಸೋರದ ಡಬ್ಬದಲ್ಲಿಟ್ಟು, ಹಳೆಯ ಆಯಿಲಿನೊಂದಿಗೆ ಮರುಬಳಕೆ ಕೇಂದ್ರಕ್ಕೆ, ಅಂದರೆ ಓತೆರ್‌ವಿನ್ನಿಂಗ್ಸ್‌ಸೆಂಟ್ರಾಲ್‌ಗೆ, ಒಪ್ಪಿಸಬೇಕು. ಮಳೆನೀರಿನ ಚರಂಡಿಗೆ ಸುರಿದ ಆಯಿಲ್ ನಮ್ಮ ಎಡ್ಸ್‌ವೀಕೆನ್, ನೊರ್‌ವೀಕೆನ್‌ಗಳಂಥ ನೀರಿಗೆ ಸೇರುತ್ತದೆ. ಬೇಸಿಗೆಯಲ್ಲಿ ನೀವು ದಡದಲ್ಲಿ ಆಡುವುದು ಅಲ್ಲೇ ಅಲ್ಲವೇ?

ಮಕ್ಕಳಿಗೆ ಪ್ರಶ್ನೆಗಳು

1. ಒಂದು ಫಿಲ್ಟರಿನಲ್ಲಿ 50 ಮಡಿಕೆಗಳಿವೆ. ಪ್ರತಿ ಮಡಿಕೆಗೆ ಎರಡು ಬದಿ, ಪ್ರತಿ ಬದಿ 1.5 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರ. ಕಾಗದದ ಒಟ್ಟು ವಿಸ್ತೀರ್ಣ ಎಷ್ಟು? ಎ4 ಹಾಳೆಯ ವಿಸ್ತೀರ್ಣ ಸುಮಾರು 624 ಚದರ ಸೆಂ.ಮೀ. ಫಿಲ್ಟರಿನಲ್ಲಿ ಸುಮಾರು ಎಷ್ಟು ಹಾಳೆ ಅಡಗಿದೆ?
2. ಒಂದೇ ಗಾತ್ರದ 100 ಕಣಗಳಲ್ಲಿ ಒಂದು ಫಿಲ್ಟರ್ 99, ಇನ್ನೊಂದು 95 ಹಿಡಿಯುತ್ತದೆ. ಎರಡನೆಯದರಿಂದ ಎಷ್ಟು ಪಟ್ಟು ಹೆಚ್ಚು ಕೊಳೆ ಎಂಜಿನ್ನಿಗೆ ಹೋಗುತ್ತದೆ?
3. ನಿಮ್ಮ ಮನೆಯ ಕಾರಿನ ಫಿಲ್ಟರನ್ನು ಕೊನೆಯ ಬಾರಿ ಬದಲಿಸಿದ್ದು ಯಾವಾಗ? ಸರ್ವಿಸ್ ಪುಸ್ತಕ ತೆರೆದು ಅಪ್ಪ ಅಮ್ಮನ ಜೊತೆ ನೋಡಿ.

(ಉತ್ತರ: 1. 1200 ಚದರ ಸೆಂ.ಮೀ., ಸುಮಾರು ಎರಡು ಹಾಳೆ. 2. ಐದು ಪಟ್ಟು. ಮೂರನೆಯ ಉತ್ತರ ನಿಮ್ಮ ಮನೆಯಲ್ಲೇ ಇದೆ.)