ಭೂಮಿ ತಿರುಗೋದನ್ನ ನೋಡೋಕೆ ಮೂರು ರಾಜಧಾನಿ

ಯುರೋಪ್ ಟ್ರಿಪ್ ಅಂದ್ರೆ ಫೋನಿನಲ್ಲಿ ಸಾವಿರ ಫೋಟೋ. ಆರು ತಿಂಗಳಾದ ಮೇಲೆ ಅದರಲ್ಲಿ ಯಾವ ಚರ್ಚು ಯಾವ ಊರಿನದು ಅಂತ ಕೇಳಿದರೆ ಹೇಳೋದು ಕಷ್ಟ. ಎಕ್ಸ್‌ಚೇಂಜ್ ಸೆಮಿಸ್ಟರ್‌ಗೆ ಜರ್ಮನಿಯಲ್ಲಿದ್ದಾಗ ಈಸ್ಟರ್ ರಜೆಯಲ್ಲಿ ನಾನು ಸುತ್ತಿದ್ದು ಪ್ಯಾರಿಸ್, ಪ್ರಾಗ್ ಮತ್ತು ಲಂಡನ್. (ಲಂಡನ್‌ಗೆ ಷೆಂಗೆನ್ ವೀಸಾ ನಡೆಯಲ್ಲ, ಬೇರೆ ವೀಸಾ, ಬೇರೆ ಫೀಸು. ಹೋಗೋರು ಮೊದಲೇ ಬಜೆಟ್ ಹಾಕ್ಕೊಳ್ಳಿ.) ಅಷ್ಟೆಲ್ಲ ಸುತ್ತಿದ್ದರಲ್ಲಿ ನನಗೆ ಅತಿ ಇಷ್ಟವಾಗಿ ಉಳಿದಿರೋದು ಮೂರು ವಸ್ತು: ಒಂದು ಲೋಲಕ, ಒಂದು ಗಡಿಯಾರ, ನೆಲದಲ್ಲಿ ಹುದುಗಿಸಿದ ಒಂದು ಗೆರೆ. ಮೂರಕ್ಕೂ ಆಧಾರ ಒಂದೇ, ನಾವು ನಿಂತಿರುವ ನೆಲ ತಿರುಗುತ್ತಿದೆ ಅನ್ನೋದು. ಮೂರನ್ನೂ ಅರ್ಥ ಮಾಡಿಕೊಳ್ಳೋಕೆ ಫಸ್ಟ್ ಇಯರ್ ಫಿಸಿಕ್ಸ್ ಸಾಕು. ಹಾಗಾಗಿ ಇದು ಅರ್ಧ ಪ್ರವಾಸ, ಅರ್ಧ ಪಾಠ. ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ.

ಪ್ಯಾರಿಸ್‌ನಲ್ಲಿ ಪ್ಯಾಂಥಿಯಾನ್ ಅನ್ನೋ ದೊಡ್ಡ ಗುಮ್ಮಟದ ಕಟ್ಟಡ ಇದೆ. ವೋಲ್ಟೇರ್, ರೂಸೋ, ಮೇರಿ ಕ್ಯೂರಿ ಅವರ ಸಮಾಧಿಗಳು ಅದರ ನೆಲಮಾಳಿಗೆಯಲ್ಲಿವೆ. ಜನ ಬರೋದು ಅದಕ್ಕೇ. ಆದರೆ ಗುಮ್ಮಟದ ಕೆಳಗೆ, ನಡುಮಧ್ಯದಲ್ಲಿ, ಒಂದು ಹೊಳೆಯುವ ಗುಂಡು ಸದ್ದಿಲ್ಲದೆ ಆಚೀಚೆ ತೂಗುತ್ತಿರುತ್ತದೆ. 1851ರಲ್ಲಿ ಲಿಯೋನ್ ಫೂಕೋ ಇದೇ ಜಾಗದಲ್ಲಿ 67 ಮೀಟರ್ ತಂತಿಗೆ 28 ಕಿಲೋ ತೂಕದ ಗುಂಡು ಕಟ್ಟಿ ತೂಗಿಬಿಟ್ಟಿದ್ದರು. ಈಗಿರೋದು ಅದರ ಪ್ರತಿಕೃತಿ.

ಎಲ್ಲರೂ ಎರಡು ನಿಮಿಷ ನಿಂತು, ಒಂದು ವಿಡಿಯೋ ತೆಗೆದು ಮುಂದೆ ಹೋಗ್ತಾರೆ. ಎರಡು ನಿಮಿಷದಲ್ಲಿ ಏನೂ ಕಾಣಲ್ಲ. ಲೋಲಕದ ಅವಧಿಯ ಸೂತ್ರ ನೆನಪಿದೆಯಲ್ಲ, 2 ಪೈ ರೂಟ್ ಎಲ್ ಬೈ ಜಿ? 67 ಮೀಟರ್‌ಗೆ ಹಾಕಿ ನೋಡಿ: 16.4 ಸೆಕೆಂಡ್. ಒಂದು ಸಲ ಹೋಗಿ ಬರೋದಕ್ಕೆ ಅಷ್ಟು ಹೊತ್ತು. ನಾನು ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಹತ್ತು ಸುತ್ತು ಎಣಿಸಿದೆ, 164 ಸೆಕೆಂಡಿನ ಆಸುಪಾಸೇ ಬಂತು. ಲ್ಯಾಬಿನಲ್ಲಿ ನೂಲು ಕಟ್ಟಿ ಇಪ್ಪತ್ತು ಆಂದೋಲನ ಎಣಿಸಿ ರೆಕಾರ್ಡ್ ಬರೆದಾಗ ಆಗದ ಖುಷಿ ಅಲ್ಲಿ ಆಯಿತು ಬಿಡಿ.

ಅಸಲಿ ವಿಷಯ ಬೇರೆ. ಸುತ್ತಲೂ ಇರುವ ಗುರುತುಗಳ ವೃತ್ತದಲ್ಲಿ ಗುಂಡು ಯಾವ ಅಂಕದ ಕಡೆ ಹೋಗ್ತಿದೆ ಅಂತ ಬರೆದಿಟ್ಟುಕೊಂಡು ಒಂದು ಗಂಟೆ ಅಲ್ಲೇ ಕೂತೆ. ತೂಗುವ ದಿಕ್ಕು ಸುಮಾರು 11 ಡಿಗ್ರಿ ಬಲಕ್ಕೆ ಸರಿದಿತ್ತು. ಲೋಲಕವನ್ನು ಯಾರೂ ತಿರುಗಿಸಿಲ್ಲ. ಅದರ ಕೆಳಗಿನ ನೆಲ ತಿರುಗಿದೆ. ನೆಲ, ಅದರ ಮೇಲಿನ ಕಟ್ಟಡ, ಅದರೊಳಗೆ ಕೂತ ನಾನು, ಎಲ್ಲ.

ಹಾಗಾದರೆ ಗಂಟೆಗೆ 15 ಡಿಗ್ರಿ ಆಗಬೇಕಲ್ಲ, ಭೂಮಿ 24 ಗಂಟೆಗೆ 360 ಡಿಗ್ರಿ ತಿರುಗೋದು ತಾನೆ? ಇಲ್ಲೇ ಇರೋದು ಪಾಠ. ಉತ್ತರ ಧ್ರುವದಲ್ಲಿ ಲೋಲಕ ಕಟ್ಟಿದರೆ ನೇರವಾಗಿ 15 ಡಿಗ್ರಿ. ಅಲ್ಲಿ ನೆಲ ಬೀಸುವ ಕಲ್ಲಿನ ಹಾಗೆ ತಿರುಗುತ್ತದೆ. ಭೂಮಧ್ಯರೇಖೆಯಲ್ಲಿ ಸೊನ್ನೆ. ಅಲ್ಲಿ ನೆಲ ಮುಂದಕ್ಕೆ ಉರುಳುತ್ತದೆಯೇ ಹೊರತು ನಿಂತಲ್ಲೇ ತಿರುಗಲ್ಲ. ನಡುವಿನ ಊರುಗಳಲ್ಲಿ ಭೂಮಿಯ ತಿರುಗುವಿಕೆಯ ವೆಕ್ಟರ್ ತಗೊಂಡು, ಆ ಊರಿನ ಲಂಬ ದಿಕ್ಕಿನಲ್ಲಿ ಅದರ ಕಾಂಪೊನೆಂಟ್ ಎಷ್ಟು ಅಂತ ನೋಡಬೇಕು. ಉತ್ತರ, ಅಕ್ಷಾಂಶದ ಸೈನ್. ಪ್ಯಾರಿಸ್ 48.8 ಡಿಗ್ರಿಯಲ್ಲಿದೆ, ಅದರ ಸೈನ್ 0.75, ಗಂಟೆಗೆ 11.3 ಡಿಗ್ರಿ. ಪೂರ್ತಿ ಒಂದು ಸುತ್ತಿಗೆ ಸುಮಾರು 32 ಗಂಟೆ. ಬೆಂಗಳೂರು 13 ಡಿಗ್ರಿಯಲ್ಲಿದೆ, ಸೈನ್ 0.225, ಗಂಟೆಗೆ ಬರೀ 3.4 ಡಿಗ್ರಿ. ಪೂರ್ತಿ ಸುತ್ತಿಗೆ ನಾಲ್ಕೂವರೆ ದಿನದ ಹತ್ತಿರ! ಅಂದರೆ ಒಂದು ಕೋಣೆಯಲ್ಲಿ ಕಿಟಕಿ ಎಲ್ಲ ಮುಚ್ಚಿ, ನಕ್ಷತ್ರ ನೋಡದೆ, ಬರೀ ಒಂದು ಗುಂಡು ತೂಗಿಬಿಟ್ಟು ಆ ಊರಿನ ಅಕ್ಷಾಂಶ ಹೇಳಬಹುದು. ಫೂಕೋ ಜನರಿಗೆ ತೋರಿಸಿದ್ದು ಭೂಮಿ ತಿರುಗುತ್ತದೆ ಅಂತ ಮಾತ್ರ ಅಲ್ಲ. ಅದು 1851ರ ಹೊತ್ತಿಗೆ ಓದಿದವರಿಗೆಲ್ಲ ಗೊತ್ತಿತ್ತು. ಆಕಾಶ ನೋಡದೆಯೂ ಅದು ಗೊತ್ತಾಗುತ್ತದೆ ಅನ್ನೋದು ಹೊಸದು.

ಮಾರನೇ ದಿನ ಐಫೆಲ್ ಗೋಪುರ. ಅದರ ಬಗ್ಗೆ ಎಲ್ಲರೂ ಬರೀತಾರೆ, ನಾನು ಒಂದೇ ಮಾತು ಹೇಳ್ತೀನಿ. ಮೊದಲ ಅಂತಸ್ತಿನ ಕೆಳಗೆ ನಾಲ್ಕೂ ಬದಿಗೆ 72 ಹೆಸರು ಕೆತ್ತಿಸಿದ್ದಾರೆ ಗುಸ್ತಾವ್ ಐಫೆಲ್. ಕತ್ತೆತ್ತಿ ಓದ್ತಾ ಹೋದರೆ ನಮ್ಮ ಸಿಲಬಸ್ಸೇ: ನೇವಿಯರ್, ಕೌಶಿ, ಪಾಯ್ಸಾನ್, ಫೂರಿಯೇ, ಕೂಲಂಬ್, ಲಾಗ್ರಾಂಜ್. ಫೂಕೋ ಕೂಡ ಇದ್ದಾರೆ. ಲೋಲಕದ ದಿಕ್ಕು ಯಾಕೆ ಸರಿಯುತ್ತದೆ ಅನ್ನೋದಕ್ಕೆ ನಾವು ಈಗ ಯಾರ ಹೆಸರಿನ ಬಲ ಹೇಳ್ತೀವೋ ಆ ಕೋರಿಯೋಲಿಸ್ ಕೂಡ. ಆದರೆ 1889ರಲ್ಲಿ ಹಾಕಿದ ಆ ಪಟ್ಟಿಯಲ್ಲಿ ಸೋಫಿ ಜೆರ್ಮೇನ್ ಇಲ್ಲ. ಕಂಪಿಸುವ ತೆಳು ಫಲಕಗಳ ಗಣಿತಕ್ಕೆ 1816ರಲ್ಲಿ ಪ್ಯಾರಿಸ್ ಅಕಾಡೆಮಿಯ ಬಹುಮಾನ ಗೆದ್ದವರು ಅವರು. ಸ್ಥಿತಿಸ್ಥಾಪಕತ್ವದ ಲೆಕ್ಕವಿಲ್ಲದೆ ಕಬ್ಬಿಣದ ಗೋಪುರ ಎಲ್ಲಿಂದ ಬಂತು? 72ರಲ್ಲಿ ಒಬ್ಬಳೂ ಹೆಣ್ಣುಮಗಳಿಲ್ಲ. ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಇದು ಗೊತ್ತಿರಲಿ.

ಪ್ರಾಗ್‌ಗೆ ಹೋದಾಗ ಹಳೇ ಪಟ್ಟಣದ ಚೌಕದಲ್ಲಿ ಪ್ರತಿ ಗಂಟೆಗೆ ಐದು ನಿಮಿಷ ಮುಂಚೆ ಜನ ಸೇರೋದನ್ನ ನೋಡಿದೆ. ನಮ್ಮೂರ ಜಾತ್ರೆಯಲ್ಲಿ ತೇರು ಎಳೆಯೋ ಮುಂಚೆ ಇರುತ್ತಲ್ಲ, ಅಂಥ ನೂಕುನುಗ್ಗಲು. ಗಂಟೆ ಹೊಡೆದಾಗ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆಯುತ್ತದೆ, ಮೇಲಿನ ಕಿಟಕಿಗಳಲ್ಲಿ ಯೇಸುವಿನ ಶಿಷ್ಯರ ಗೊಂಬೆಗಳು ಸಾಲಾಗಿ ಹಾದುಹೋಗುತ್ತವೆ, ಮುಗೀತು. ಜನ ಚದುರುತ್ತಾರೆ. ನನ್ನ ಸಲಹೆ: ಅವರು ಚದುರಿದ ಮೇಲೆ ಹತ್ತಿರ ಹೋಗಿ. ಗೊಂಬೆಗಳು ಆಮೇಲೆ ಸೇರಿಸಿದವು. ಗಡಿಯಾರದ ಅತಿ ಹಳೆಯ ಭಾಗ 1410ರದು. ಗಡಿಯಾರ ಕಟ್ಟಿದವರು ಕಡಾನ್ ಊರಿನ ಮಿಕುಲಾಷ್, ಅವರಿಗೆ ಖಗೋಳದ ಲೆಕ್ಕ ಹೇಳಿದವರು ಯಾನ್ ಶಿಂಡೆಲ್ ಅಂತ ಅಲ್ಲಿನ ವಿಶ್ವವಿದ್ಯಾಲಯದ ಗಣಿತದ ಮೇಷ್ಟ್ರು.

ಅದರ ಮುಖ ಮೊದಲ ನೋಟಕ್ಕೆ ಏನೂ ಅರ್ಥವಾಗಲ್ಲ. ಒಂದೇ ಮುಖದಲ್ಲಿ ಹಲವು ಬಗೆಯ ಕಾಲ ಇದೆ. ರೋಮನ್ ಅಂಕಿಗಳದ್ದು ನಮ್ಮ ಮಾಮೂಲಿ ಸಮಯ. ಹೊರಗಿನ ಉಂಗುರದಲ್ಲಿ ಹಳೇ ಬೊಹೀಮಿಯಾದ ಸಮಯ: ದಿನ ಶುರುವಾಗೋದು ಸೂರ್ಯಾಸ್ತದಿಂದ, ಅಲ್ಲಿಂದ 24 ಗಂಟೆ. ಸೂರ್ಯಾಸ್ತ ದಿನದಿನಕ್ಕೂ ಬದಲಾಗುವುದರಿಂದ ಆ ಉಂಗುರವೂ ವರ್ಷವಿಡೀ ನಿಧಾನವಾಗಿ ಆಚೀಚೆ ಸರಿಯುತ್ತದೆ. ಮೂರನೆಯದು ಇನ್ನೂ ಮಜಾ. ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು 12 ಭಾಗ ಮಾಡೋದು. ಬೇಸಿಗೆಯಲ್ಲಿ ಆ 'ಗಂಟೆ' ಉದ್ದ, ಚಳಿಗಾಲದಲ್ಲಿ ಗಿಡ್ಡ. ಇದನ್ನ ಕೇಳಿದಾಗ ಪಕ್ಕದಲ್ಲಿದ್ದ ಸ್ಪೇನ್ ಹುಡುಗನಿಗೆ ವಿಚಿತ್ರ ಅನಿಸಿತು. ನನಗೆ ಅನಿಸಲಿಲ್ಲ. ನಮ್ಮನೆಯಲ್ಲಿ ಅಜ್ಜಿ ರಾಹುಕಾಲ ನೋಡೋದೂ ಹೀಗೇ ತಾನೆ? ಹಗಲನ್ನು 8 ಭಾಗ ಮಾಡಿ ಅದರಲ್ಲಿ ಒಂದು. ಪಂಚಾಂಗದ ಘಳಿಗೆಯೂ ಸೂರ್ಯೋದಯದಿಂದಲೇ ಎಣಿಕೆ. ರಾಹುಕಾಲ ನಂಬಿ ಅಂತ ನಾನು ಹೇಳ್ತಿಲ್ಲ. ಕಾಲವನ್ನು ಸೂರ್ಯನಿಗೆ ಕಟ್ಟಿಹಾಕುವ ಲೆಕ್ಕ ನಮಗೆ ಹೊಸದಲ್ಲ ಅಂತಷ್ಟೇ.

ಮೆಕ್ಯಾನಿಕಲ್‌ನವರಿಗೆ ಹಬ್ಬ ಇರೋದು ಒಳಗಡೆ. ಮುಖ್ಯವಾಗಿ ಮೂರು ದೊಡ್ಡ ಹಲ್ಲುಚಕ್ರ, ಒಂದೇ ಅಕ್ಷದ ಮೇಲೆ. ಹಲ್ಲುಗಳು 365, 366, 379. ಮೂರನ್ನೂ ಒಂದೇ ಅಳತೆಯ ಪಿನಿಯನ್‌ಗಳು ಒಂದೇ ವೇಗದಲ್ಲಿ ತಳ್ಳುತ್ತವೆ. 366 ಹಲ್ಲಿನದು ಸೂರ್ಯನ ಮುಳ್ಳಿಗೆ, 24 ಗಂಟೆಗೆ ಒಂದು ಸುತ್ತು. 365ರದು ರಾಶಿಚಕ್ರಕ್ಕೆ. ಅದಕ್ಕೆ ಒಂದು ಹಲ್ಲು ಕಡಿಮೆ, ಹಾಗಾಗಿ ಸ್ವಲ್ಪ ಬೇಗ ಸುತ್ತುತ್ತದೆ. ಎಷ್ಟು ಬೇಗ? 24 ಗಂಟೆಯನ್ನು 365ರಿಂದ ಗುಣಿಸಿ 366ರಿಂದ ಭಾಗಿಸಿ: 23 ಗಂಟೆ 56 ನಿಮಿಷ 3.93 ಸೆಕೆಂಡ್. ನಕ್ಷತ್ರಗಳ ಲೆಕ್ಕದಲ್ಲಿ ಭೂಮಿ ಒಂದು ಸುತ್ತು ತಿರುಗೋಕೆ ನಿಜಕ್ಕೂ ಬೇಕಾದ್ದು 23 ಗಂಟೆ 56 ನಿಮಿಷ 4.09 ಸೆಕೆಂಡ್. ವ್ಯತ್ಯಾಸ ಒಂದು ಸೆಕೆಂಡಿನ ಆರನೇ ಒಂದು ಭಾಗ. ಹದಿನೈದನೇ ಶತಮಾನದ ವಿನ್ಯಾಸ ಇದು, ನೆನಪಿರಲಿ.

379ರದು ಚಂದ್ರನಿಗೆ. ಚಂದ್ರ ದಿನಾ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ, ಹಾಗಾಗಿ ಹಲ್ಲು ಹೆಚ್ಚು. ಲೆಕ್ಕ ಹಾಕಿದರೆ 24 ಗಂಟೆ 51 ನಿಮಿಷ 9 ಸೆಕೆಂಡ್ ಬರುತ್ತದೆ. ನಿಜವಾದ ಸರಾಸರಿ 24 ಗಂಟೆ 50 ನಿಮಿಷ 28 ಸೆಕೆಂಡ್. ದಿನಕ್ಕೆ ನಲವತ್ತು ಸೆಕೆಂಡಿನ ತಪ್ಪು ಸಣ್ಣದಾಗಿ ಕಾಣುತ್ತದೆ, ಆದರೆ ಒಂದು ವರ್ಷ ಸುಮ್ಮನೆ ಬಿಟ್ಟರೆ ಚಂದ್ರ 60 ಡಿಗ್ರಿ ಆಚೆ ಹೋಗಿಬಿಡುತ್ತಾನೆ. ಆಗಾಗ ಕೈಯಾರೆ ಸರಿ ಮಾಡಲೇಬೇಕು. ಹಲ್ಲು ಅಂದರೆ ಪೂರ್ಣಾಂಕ, ಮುನ್ನೂರ ಎಪ್ಪತ್ತೆಂಟೂ ಮುಕ್ಕಾಲು ಹಲ್ಲು ಕಡಿಯೋಕಾಗಲ್ಲ. 366ಕ್ಕೆ ಬದಲು ಬೇರೆ ಯಾವ ಜೋಡಿ ತಗೊಂಡಿದ್ದರೆ ಮೂರೂ ಸರಿಹೋಗ್ತಿತ್ತು ಅಂತ ವಾಪಸ್ ಬರೋ ಬಸ್ಸಿನಲ್ಲಿ ಪೈಥಾನ್‌ನಲ್ಲಿ ಲೂಪ್ ಬರೆದು ಹುಡುಕ್ತಾ ಕೂತಿದ್ದೆ. ನೀವೂ ಮಾಡಿ, ಒಳ್ಳೆ ಟೈಮ್‌ಪಾಸ್.

ಲಂಡನ್‌ನಲ್ಲಿ ಗ್ರೀನಿಚ್. ವೀಕ್ಷಣಾಲಯದ ಅಂಗಳದಲ್ಲಿ ಲೋಹದ ಪಟ್ಟಿ ಹಾಕಿದ್ದಾರೆ, ಅದೇ ಸೊನ್ನೆ ರೇಖಾಂಶ. ಜಾರ್ಜ್ ಏರಿ ಕೂರಿಸಿದ ದೂರದರ್ಶಕದ ಕಣ್ಣಿನ ನಡುವಿನಿಂದ ಹಾದು ಬರುವ ಗೆರೆ. ಅದು ಕೆಲಸ ಶುರು ಮಾಡಿದ್ದೂ 1851ರಲ್ಲೇ, ಫೂಕೋ ಲೋಲಕದ ವರ್ಷ. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸಮ್ಮೇಳನ ನಡೆದು ಜಗತ್ತಿಗೆಲ್ಲ ಇದೇ ಸೊನ್ನೆ ಅಂತ ತೀರ್ಮಾನವಾಯಿತು. ಫ್ರಾನ್ಸ್ ಮತ ಹಾಕದೆ ಕೂತಿತು, ಅವರಿಗೆ ಪ್ಯಾರಿಸ್‌ನದೇ ಗೆರೆ ಇತ್ತಲ್ಲ.

ಎಲ್ಲರೂ ಆಚೆ ಒಂದು ಕಾಲು ಈಚೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ತಾರೆ. ನಾನೂ ತೆಗೆಸಿಕೊಂಡೆ. ಆಮೇಲೆ ಜಿಪಿಎಸ್ ತೆಗೆದು ನೋಡಿ: ಸೊನ್ನೆ ಇರಲ್ಲ! ಸೊನ್ನೆ ಡಿಗ್ರಿ, ಸೊನ್ನೆ ಮಿನಿಟ್, 5 ಸೆಕೆಂಡ್ ಪಶ್ಚಿಮ ಅಂತ ತೋರಿಸುತ್ತದೆ. ಫೋನ್ ಕೆಟ್ಟಿಲ್ಲ. ಉಪಗ್ರಹಗಳ ಸೊನ್ನೆ ಅಲ್ಲಿಂದ 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನ ಮೇಲಿದೆ. ಅಲ್ಲಿ ಗೆರೆಯೂ ಇಲ್ಲ, ಕ್ಯೂನೂ ಇಲ್ಲ.

ಏರಿ ತಪ್ಪು ಅಳೆದರಾ? ಇಲ್ಲ. ದೂರದರ್ಶಕವನ್ನು ನೆಟ್ಟಗೆ ನಿಲ್ಲಿಸೋಕೆ 'ನೆಟ್ಟಗೆ' ಅಂದರೇನು ಅಂತ ಗೊತ್ತಿರಬೇಕು. ಅದಕ್ಕೆ ತಟ್ಟೆಯಲ್ಲಿ ಪಾದರಸ ಇಟ್ಟು ಅದರ ಸಮತಲ ನೋಡುತ್ತಿದ್ದರು. ಗಾರೆ ಕೆಲಸದವರು ತೂಗುಗುಂಡು ಬಿಡುತ್ತಾರಲ್ಲ, ಅದೇ ತತ್ವ. ಆದರೆ ಗುಂಡು ತೋರಿಸೋದು ಗುರುತ್ವದ ದಿಕ್ಕನ್ನು. ಸುತ್ತಮುತ್ತ, ನೆಲದಡಿ ಎಲ್ಲಿ ಭಾರ ಹೆಚ್ಚು, ಎಲ್ಲಿ ಕಡಿಮೆ ಅನ್ನೋದರ ಮೇಲೆ ಅದು ಕೂದಲೆಳೆಯಷ್ಟು ವಾಲುತ್ತದೆ, ನೇರ ಭೂಮಿಯ ನಡುವಿಗೆ ತೋರಿಸಲ್ಲ. ಉಪಗ್ರಹ ಸುತ್ತೋದು ಭೂಮಿಯ ದ್ರವ್ಯಕೇಂದ್ರದ ಸುತ್ತ, ಅದಕ್ಕೆ ಸ್ಥಳೀಯ ಗುಂಡಿನ ಹಂಗಿಲ್ಲ. ವಾಲಿದ್ದು ಎಷ್ಟು? 102 ಮೀಟರನ್ನು 6371 ಕಿಲೋಮೀಟರಿನಿಂದ ಭಾಗಿಸಿ. ಒಂದು ಕಿಲೋಮೀಟರ್ ಉದ್ದದ ದಾರಕ್ಕೆ 1.6 ಸೆಂಟಿಮೀಟರ್.

ಈ ಕಥೆಗೆ ಭಾರತದ ಕೊಂಡಿ ಇದೆ, ಅದು ಅಲ್ಲಿನ ಬೋರ್ಡುಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ನಮ್ಮ ದೇಶದ ಮಹಾ ತ್ರಿಕೋನ ಸರ್ವೆಯಲ್ಲಿ ಕಲ್ಯಾಣಪುರ ಮತ್ತು ಕಲಿಯಾನಾ ಎಂಬ ಎರಡು ಊರುಗಳ ನಡುವಿನ ಅಕ್ಷಾಂಶ ವ್ಯತ್ಯಾಸವನ್ನು ನೆಲದ ಅಳತೆಯಿಂದ ಒಂದು ಸಲ, ನಕ್ಷತ್ರದಿಂದ ಒಂದು ಸಲ ತೆಗೆದಾಗ 5 ಸೆಕೆಂಡ್ ಚಿಲ್ಲರೆ ತಾಳೆಯಾಗಲಿಲ್ಲ. ಹಿಮಾಲಯ ಗುಂಡನ್ನು ಎಳೆಯುತ್ತಿದೆ ಅಂದುಕೊಂಡು ಕಲ್ಕತ್ತಾದ ಪಾದ್ರಿ ಪ್ರ್ಯಾಟ್ ಲೆಕ್ಕ ಹಾಕಿದರೆ 15 ಸೆಕೆಂಡಿಗೂ ಹೆಚ್ಚು ಬರಬೇಕಿತ್ತು. ಅಷ್ಟು ದೊಡ್ಡ ಪರ್ವತ ಇಷ್ಟು ಕಡಿಮೆ ಎಳೆಯೋದು ಯಾಕೆ? 1855ರಲ್ಲಿ ಉತ್ತರ ಸೂಚಿಸಿದವರು ಇದೇ ಏರಿ: ಪರ್ವತಕ್ಕೆ ಹಗುರ ಬಂಡೆಯ ಬೇರು ಆಳಕ್ಕೆ ಇಳಿದಿದೆ, ನೀರಿನಲ್ಲಿ ದಿಮ್ಮಿ ತೇಲಿದ ಹಾಗೆ ತೇಲುತ್ತಿದೆ. ಸಿವಿಲ್‌ನವರು ಭೂವಿಜ್ಞಾನದಲ್ಲಿ ಓದೋ ಐಸೋಸ್ಟಸಿ ಅದೇ. ಭಾರತದ ಗುಂಡು ಯಾಕೆ ಅಷ್ಟೇ ವಾಲಿತು ಅಂತ ವಿವರಿಸಿದ ಮನುಷ್ಯನ ಸ್ವಂತ ಗೆರೆಯೂ ಗುಂಡು ವಾಲಿದ್ದರಿಂದಲೇ 102 ಮೀಟರ್ ಪಕ್ಕಕ್ಕೆ ಬಿದ್ದಿದೆ.

ಇನ್ನು ನಮ್ಮ ಕಾಲೇಜಿನ ವಿಷಯ. ಟಿಕೆಟ್, ವೀಸಾ ಏನೂ ಬೇಡ, ಇವುಗಳಲ್ಲಿ ಒಂದನ್ನ ನಾವೇ ಮಾಡಬಹುದು: ಲೋಲಕ. ದೆಹಲಿಯ ಹೊಸ ಸಂಸತ್ ಭವನದಲ್ಲೂ ಒಂದು ತೂಗುತ್ತಿದೆ. ನಮ್ಮ ಮೆಟ್ಟಿಲ ಬಾವಿಯಲ್ಲಿ ಮೇಲಿಂದ ಕೆಳಗೆ 12 ಮೀಟರ್ ತಂತಿ ಸಿಗುತ್ತದೆ ಅಂದುಕೊಳ್ಳಿ. ಅವಧಿ 7 ಸೆಕೆಂಡ್. 60 ಸೆಂಟಿಮೀಟರ್ ಎಳೆದು ಬಿಟ್ಟರೆ ಒಂದು ಗಂಟೆಯಲ್ಲಿ ತುದಿ ಮೂರೂವರೆ ಸೆಂಟಿಮೀಟರ್ ಸರಿಯಬೇಕು. ಸ್ಕೇಲಿನಲ್ಲಿ ಅಳೆಯಬಹುದು. ಆದರೆ ಒಂದು ಕಳ್ಳ ಇದ್ದಾನೆ. ಬಿಡುವಾಗ ಕೈ ಸ್ವಲ್ಪ ಪಕ್ಕಕ್ಕೆ ತಳ್ಳಿದರೆ ಗುಂಡು ನೇರ ಗೆರೆ ಬಿಟ್ಟು ಸಣ್ಣ ದೀರ್ಘವೃತ್ತ ಹಾಕುತ್ತದೆ, ಆ ದೀರ್ಘವೃತ್ತ ತಾನಾಗೇ ತಿರುಗುತ್ತದೆ, ಭೂಮಿಗೂ ಅದಕ್ಕೂ ಸಂಬಂಧವಿಲ್ಲ. ಅದರ ಅರ್ಧ ಅಗಲ ಬರೀ 1 ಸೆಂಟಿಮೀಟರ್ ಇದ್ದರೂ ನಮ್ಮ 12 ಮೀಟರ್ ಲೋಲಕದಲ್ಲಿ ಗಂಟೆಗೆ 2.9 ಡಿಗ್ರಿ. ಭೂಮಿಯದು 3.4! ಎರಡನ್ನೂ ಬೇರ್ಪಡಿಸೋಕೇ ಆಗಲ್ಲ. ಈ ತಪ್ಪು ಉದ್ದದ ವರ್ಗಕ್ಕಿಂತಲೂ ಬೇಗ ಕಡಿಮೆಯಾಗುತ್ತದೆ. ಫೂಕೋ 67 ಮೀಟರಿನ ಗುಮ್ಮಟ ಹುಡುಕಿಕೊಂಡು ಹೋಗಿದ್ದರಿಂದ ಆದ ದೊಡ್ಡ ಲಾಭ ಇದು. ಅವರು ಗುಂಡನ್ನು ಕೈಯಿಂದ ಬಿಡುತ್ತಲೂ ಇರಲಿಲ್ಲ. ದಾರದಿಂದ ಪಕ್ಕಕ್ಕೆ ಕಟ್ಟಿ, ಅಲುಗಾಟ ಪೂರ್ತಿ ನಿಂತ ಮೇಲೆ ದಾರವನ್ನು ಬೆಂಕಿಯಿಂದ ಸುಡುತ್ತಿದ್ದರು.

ಹಾಗಾಗಿ ಬೇಕಾದ್ದು ಇಷ್ಟು: ತುಕ್ಕು ಹಿಡಿಯದ ತೆಳು ಉಕ್ಕಿನ ತಂತಿ, ಹತ್ತು ಕಿಲೋಗೆ ಕಡಿಮೆ ಇಲ್ಲದ ದುಂಡನೆ ಗುಂಡು, ಎಲ್ಲ ದಿಕ್ಕಿಗೂ ಒಂದೇ ಥರ ಬಾಗುವಂತೆ ಮೇಲೆ ತಂತಿ ಹಿಡಿಯೋ ಕ್ಲ್ಯಾಂಪ್ (ವರ್ಕ್‌ಶಾಪಿನ ಚಕ್ ನಡೆಯಬಹುದು), ಹತ್ತಿ ದಾರ, ಬೆಂಕಿಪೊಟ್ಟಣ. ಜೊತೆಗೆ ಗಾಳಿ ಆಡದ ಒಂದು ಭಾನುವಾರ, ಮೆಟ್ಟಿಲ ಬಾಗಿಲು ಮುಚ್ಚೋಕೆ ಅನುಮತಿ, ಗುಂಡಿನ ಕೆಳಗೆ ಯಾರೂ ನಿಲ್ಲದ ಹಾಗೆ ನೋಡಿಕೊಳ್ಳೋಕೆ ಇಬ್ಬರು. ಆಸಕ್ತಿ ಇದ್ದೋರು ಕನ್ನಡ ಸಂಘದ ನೋಟಿಸ್ ಬೋರ್ಡಿನಲ್ಲಿ ಹೆಸರು ಬರೆದು ಹೋಗಿ. ತಂತಿ ನನ್ನ ಹತ್ತಿರ ಇದೆ.