ಲಾರಿಯ ಹೊಗೆ ಏನು ಹೇಳುತ್ತದೆ?

ಮಕ್ಕಳೇ, ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. ಲಾರಿಯ ಡೀಸೆಲ್ ಎಂಜಿನ್ನಿನಲ್ಲೂ ಒತ್ತಿದ ಗಾಳಿ ಹೀಗೆಯೇ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗುತ್ತದೆ. ಆಗ ಇಂಜೆಕ್ಟರ್ ಸಿಂಪಡಿಸಿದ ಡೀಸೆಲ್ ಕಿಡಿಯಿಲ್ಲದೆಯೇ ಹೊತ್ತಿಕೊಳ್ಳುತ್ತದೆ.

ಈ ಉರಿ ಸರಿಯಿಲ್ಲದಿದ್ದರೆ ಹೊಗೆಯ ಬಣ್ಣ ಬದಲಾಗುತ್ತದೆ. ಮೆಕ್ಯಾನಿಕ್ ಮೊದಲು ನೋಡುವುದು ಅದನ್ನೇ. ಕಪ್ಪು ಹೊಗೆಯಾದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ. ಏರ್ ಫಿಲ್ಟರಿನಲ್ಲಿ ಧೂಳು ಕಟ್ಟಿರಬಹುದು, ಇಂಜೆಕ್ಟರ್ ಕೆಟ್ಟಿರಬಹುದು. ಫಿಲ್ಟರ್ ನೋಡುವುದು ಸುಲಭ, ಅದನ್ನೇ ಮೊದಲು ಬಿಚ್ಚುತ್ತಾರೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವ ಗುರುತು. ಬಿಳಿ ಹೊಗೆ ಮಾತ್ರ ಮೋಸಗೊಳಿಸುತ್ತದೆ! ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಂದು ನಿಂತರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ಬರುತ್ತಿದ್ದು, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಆ ನೀರು ಸಿಲಿಂಡರಿನೊಳಗೆ ಸೋರುತ್ತಿರಬಹುದು. ಲಾರಿ ನಿಲ್ಲಿಸಲೇಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆರೆಯಬಾರದು, ಕುದಿನೀರು ಚಿಮ್ಮುತ್ತದೆ.